ಶಿರಾದ ಬಾಟಲಿ, ಮಧುಗಿರಿಯ ಬೀಗ

"ನನ್ನ ಬಾಟ್ಲಿಗಳು ನಿಮ್ಮ ಹತ್ರ ಇವೆಯಂತೆ."

ಬಾಗಿಲಲ್ಲಿ ನಿಂತವನನ್ನು ಕಂಡು ದಾಕ್ಷಾಯಣಿಯ ಕೈ ಸೊಂಟದ ಬೀಗದ ಕೈ ಮೇಲೆ ಹೋಯಿತು. ಶಿರಾದ ರೇಣುಕಯ್ಯ... ಈ ದಿನಕ್ಕಾಗಿ ಅವಳು ಮೂರು ವರ್ಷ ಕಾದಿದ್ದಳು. ಅವನು ಸಿಟ್ಟಿನಿಂದ ಬರುತ್ತಾನೆ ಅಂದುಕೊಂಡಿದ್ದಳು. ಅವನು ದಣಿದು ಬಂದಿದ್ದ.

"ಇವೆ. ಎಂಟುನೂರು. ಒಳಗೆ ಬಂದು ನೋಡಿ."

ಮಧುಗಿರಿಯಲ್ಲಿ ಅವಳ ಅಪ್ಪ ಬಿಟ್ಟುಹೋದ ಆ ಹಳೆಯ ಸೋಡಾ ಕಾರ್ಖಾನೆಯ ತುಂಬ ಗೋಲಿ ಬಾಟಲಿಗಳು. ಒಂದೊಂದರ ಮೇಲೂ ಅವನ ಹೆಸರು ಅಚ್ಚಾಗಿತ್ತು.

ಯುದ್ಧ ಶುರುವಾದ ಮೇಲೆ ವಿಲಾಯಿತಿಯಿಂದ ಹೊಸ ಬಾಟಲಿ ಬರುತ್ತಿರಲಿಲ್ಲ. ಖಾಲಿ ಬಾಟಲಿ ವಾಪಸು ಬರದಿದ್ದರೆ ಸೋಡಾ ಯಂತ್ರ ನಿಂತಂತೆಯೇ. ಅವನದು ನಿಲ್ಲಲಿ ಎಂದೇ ಅವಳು ಅಪ್ಪನ ಯಂತ್ರವನ್ನೇ ಮಾರಿ, ಮಿಡಿಗೇಶಿಯಿಂದ ಪಾವಗಡದವರೆಗೆ ಬಸ್ಸು ನಿಲ್ಲುವಲ್ಲೆಲ್ಲ ಅವನ ಬಾಟಲಿಗಳನ್ನು ಕೊಳ್ಳಿಸಿದ್ದಳು. ಕೊಂಡು ತರುತ್ತಿದ್ದ ಗಾಡಿಯ ನಬೀ ಸಾಬ್ ಈಗಲೂ ಅಂಗಳದಲ್ಲಿ ಮೂಟೆ ಇಳಿಸುತ್ತಿದ್ದ.

"ಪಾವಗಡದ ಬಾವಿ ನೀರು ಬರೀ ಉಪ್ಪು," ಎಂದ ರೇಣುಕಯ್ಯ. "ಒದ್ದೆ ಮರಳಲ್ಲಿ ತಣ್ಣಗಿಟ್ಟು ಕೊಟ್ರೆ ದಿನಕ್ಕೆ ಮೂವತ್ತು ಡಜನ್ ಸೋಡಾ ಹೋಗುತ್ತೆ. ನನ್ನ ಹತ್ರ ಆರು ಡಜನ್ ಬಾಟ್ಲಿ ಉಳಿದಿದೆ. ಇನ್ನೊಂದು ವಾರಕ್ಕೆ ಬಾಗಿಲು ಮುಚ್ಚಬೇಕು."

"ಮುಚ್ಚಿ."

ಎಷ್ಟು ದಿನ ಬಾಯಲ್ಲಿಟ್ಟುಕೊಂಡಿದ್ದ ಮಾತು! ಆದರೂ ಎದೆ ಯಾಕೆ ಹಗುರಾಗಲಿಲ್ಲ...

"ಮಿಡಿಗೇಶಿ ಬಸ್‌ಸ್ಟಾಂಡಲ್ಲಿ ನಮ್ಮಪ್ಪನ ಸೋಡಾ ನೆಲಕ್ಕೆ ಸುರಿದ್ರಿ. ಚನ್ನಮಲ್ಲಯ್ಯನ ಸೋಡಾ ಕುಡೀಬೇಡಿ, ನೀರು ಕೆಟ್ಟಿದೆ ಅಂತ ಕೂಗಿದ್ರಿ. ಆಮೇಲೆ ಒಬ್ರೂ ಕೊಳ್ಳಲಿಲ್ಲ. ಅಪ್ಪ ಆ ಮೂಲೇಲಿ ಕೂತು ಕೂತೇ ಸತ್ತರು. ಸುಳ್ಳಾ?"

"ಸುಳ್ಳಲ್ಲ. ಸುರಿದೆ. ಕೂಗಿದೆ."

ಅಂಗಳದಲ್ಲಿ ಮೂಟೆ ದೊಪ್ಪನೆ ಬಿತ್ತು.

"ಏನ್ಲಾ ರೇಣುಕಯ್ಯ, ಇನ್ನೂ ಬಾಯಿ ಹೊಲ್ಕೊಂಡು ನಿಂತಿದ್ದೀಯಲ್ಲ," ಎಂದ ನಬೀ ಸಾಬ್.

"ಸುಮ್ನಿರು ಸಾಬ್. ಮಾತು ಕೊಟ್ಟಿದ್ದೀನಿ."

"ನಾನೇನ್ ಕೊಟ್ಟಿಲ್ಲ ಕಣಪ್ಪ. ಬೇಟಿ, ನೀವು ಫ್ಯಾಕ್ಟ್ರಿ ತೆರೆಯಕ್ಕೆ ಬಾಟ್ಲಿ ಕೂಡಾಕ್ತಿದ್ದೀರಿ ಅಂದ್ಕೊಂಡಿದ್ದೆ. ಇಂಗೆ ಅಂತ ಗೊತ್ತಿದ್ರೆ ಒಂದೂ ತರ್ತಿರ್ಲಿಲ್ಲ. ಅವತ್ತು ನಿಮ್ಮ ಬಾವೀಲಿ ನಾಯಿ ಸತ್ತು ಕೊಳೆತಿತ್ತು ಕಣಮ್ಮ. ಗೊತ್ತಾಗೋ ಹೊತ್ಗೆ ಸರಕು ಬಸ್ ಹತ್ತಿ ಮಿಡಿಗೇಶಿಗೆ ಹೋಗ್ಬುಟ್ಟಿತ್ತು. ಇವನು ಇಲ್ಲೇ ಪಾವಗಡದ ಬಸ್ಸಿಗೆ ನಿಂತಿದ್ದ. ನಿಮ್ಮಪ್ಪ ಓಡ್ಬಂದು ಇವನ ಕೈ ಹಿಡ್ಕೊಂಡ್ರು. ನಾನು ಪಕ್ಕದಲ್ಲೇ ಇದ್ದೆ."

"ಯಾಕೆ ಇವರ ಕೈ?"

"ನಿಮ್ಮಪ್ಪ ಏನಂದ್ರು ಕೇಳಿ ಬೇಟಿ. ನಾನೇ ಹೇಳಿದ್ರೆ, ಕೊಳೆ ನೀರು ಕುಡಿಸಿದೋನ ಮಗಳು ಅಂತ ನನ್ನ ಹುಡುಗೀನ ಯಾರೂ ಮದುವೆಗೆ ಕೇಳಲ್ಲ. ನೀನು ಪೈಪೋಟಿಯವನು, ನೀನು ಕೂಗು. ಕುಡಿಯೋದು ನಿಲ್ಸ್ತಾರೆ, ಆಮೇಲೆ ಹೊಟ್ಟೆಕಿಚ್ಚಿಗೆ ಅಂದ ಅಂದ್ಕೊಂಡು ಮರೀತಾರೆ... ಇಂಗಂದ್ರು."

ಜನ ಮರೆತಿರಲಿಲ್ಲ.

ಅಪ್ಪ ಸಾಯುವವರೆಗೂ ಇವನನ್ನು ಒಂದು ಸಲವೂ ಶಪಿಸಿರಲಿಲ್ಲ. ಅದನ್ನು ಅವಳು ಅಪ್ಪನ ದೊಡ್ಡತನ ಅಂದುಕೊಂಡಿದ್ದಳು. ಬಾಟಲಿಗಳ ಮಧ್ಯೆ ನೆಲದ ಮೇಲೇ ಕುಳಿತಳು.

"ಮೂರು ವರ್ಷ... ಯಾಕೆ ಹೇಳಲಿಲ್ಲ?"

"ನಿಮಗೆ ಗೊತ್ತಾಗಬಾರದು ಅಂದಿದ್ರು. ದ್ವೇಷಿಸೋಕೆ ನಾನು ಸಿಕ್ಕೆ, ಅಪ್ಪ ನಿಮಗೆ ಹಾಗೇ ಉಳಿದ್ರು. ಅದೇ ಸಾಕು ಅನ್ನಿಸ್ತು." ರೇಣುಕಯ್ಯ ತಡೆದು ಹೇಳಿದ. "ಮಧುಗಿರಿಗೆ ಬಂದಾಗೆಲ್ಲ ಈ ಬೀದೀಲೇ ಹೋಗ್ತೀನಿ. ಒಂದ್ಸಲ ನೀವು ಬೈದ್ರೂ ಆಗಿತ್ತು. ನೀವು ಮುಖಾನೇ ತಿರುಗಿಸ್ತಿದ್ರಿ."

"ನನ್ನ ಸಿಟ್ಟು ಇನ್ನೂ ಹಾಗೇ ಇದೆ. ಇನ್ನು ಅದನ್ನ ಯಾರ ಮೇಲೆ ಹಾಕಲಿ?"

"ನನ್ನ ಮೇಲೇ ಇರಲಿ. ಅಭ್ಯಾಸ ಆಗಿದೆ."

ಅವಳಿಗೆ ಅಳು ಬಂತು. ನಬೀ ಸಾಬ್ ಎತ್ತುಗಳನ್ನು ನೋಡಬೇಕು ಅನ್ನುತ್ತ ಹೊರಗೆ ಹೋದ.

"ಎಷ್ಟು ಬಾಟ್ಲಿ ಕೊಡ್ತೀರಿ?" ರೇಣುಕಯ್ಯ ಮೆಲ್ಲಗೆ ಕೇಳಿದ.

"ಒಂದೂ ಕೊಡಲ್ಲ. ನಿಮ್ಮ ಯಂತ್ರಾನೇ ಇಲ್ಲಿಗೆ ತನ್ನಿ."

ರೇಣುಕಯ್ಯ ಹಳೆಯ ಯಂತ್ರವಿದ್ದ ಖಾಲಿ ಜಾಗವನ್ನು ನೋಡಿ, ಆಮೇಲೆ ಅವಳನ್ನು ನೋಡಿದ.

"ಯಂತ್ರ ಒಂದೇನಾ?"

"ತಿರುಗಿಸೋರು ಬೇಡ್ವಾ?"

"ನೀರು?"

"ಹೊಸ ಬಾವಿ ತೋಡಬೇಕು."

"ನಾಳೆಯೇ ಆಳು ಹಚ್ತೀನಿ."

"ಆಳು ಬೇಡ. ನೀವೇ ತೋಡಿ. ನಾನು ನೆರಳಲ್ಲಿ ಕೂತು ನೋಡ್ತೀನಿ."

"ಮದುವೆಗೆ ಮುಂಚೆಯಾ, ಆಮೇಲಾ?"

"ಮುಂಚೆ," ಎಂದಳು ದಾಕ್ಷಾಯಣಿ. "ಬೇಗ ತೋಡಿ."