ತೆಂಗಿನ ಬುಡದ ಪತ್ರೆ

“ಉಷಾ, ಪತ್ರೆ ಎಲ್ಲವ್ವಾ?”

ದೇವರ ಮನೆಯಿಂದ ಮುದ್ದಮ್ಮಜ್ಜಿಯ ದನಿ ಕೇಳಿತು. ರೊಟ್ಟಿ ತಿನ್ನುತ್ತಿದ್ದ ನಂದಿತಾ ತಲೆ ತಗ್ಗಿಸಿದಳು.

“ಅಲ್ಲೇ ಒದ್ದೆ ಬಟ್ಟೇಲಿ ಸುತ್ತಿಟ್ಟಿದೀನಿ, ನೋಡಿ ಅತ್ತೆ,” ಅಮ್ಮ ಒಲೆಯ ಮುಂದಿನಿಂದಲೇ ಕೂಗಿದಳು.

“ಬಟ್ಟೆ ಐತೆ. ಪತ್ರೆ ಇಲ್ಲ.”

ಅಮ್ಮ ಬಂದು ಬಟ್ಟೆ ಕೊಡವಿದಳು. ಆಮೇಲೆ ತಿರುಗಿ ನಂದಿತಾಳ ಕೈ ನೋಡಿದಳು. ಬೆರಳಿನ ಮೇಲೆ ಒಣಗಿದ ಗೋಂದು ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು.

“ನಂದೂ, ನೀನು ತಗೊಂಡ್ಯಾ?”

“ಪ್ರಾಜೆಕ್ಟಿಗೆ. ಸ್ವಲ್ಪ.”

“ಸ್ವಲ್ಪ ಅಂದ್ರೆ ಎಷ್ಟು?”

“ಎಲ್ಲಾ.”

ನಂದಿತಾ ಎದ್ದು ಹೋಗಿ ತನ್ನ ಪ್ರಕೃತಿ ಡೈರಿ ತಂದು ತೋರಿಸಿದಳು. ಅದು ಶರ್ಮಿಳಾ ಮಿಸ್ ಕೊಟ್ಟ ಕೆಲಸ. ಅಂಗಡಿಯಿಂದ ಏನೂ ತರುವ ಹಾಗಿಲ್ಲ. ಸುತ್ತಮುತ್ತ ಓಡಾಡಬೇಕು, ನೋಡಬೇಕು, ಸಿಕ್ಕಿದ್ದನ್ನು ಅಂಟಿಸಿ ಬರೆಯಬೇಕು. ಇಷ್ಟು ದಿನ ಅವಳು ಹುಣಸೆ ಚಿಗುರು, ಪಾರಿವಾಳದ ಪುಕ್ಕ, ರಾಗಿ ತೆನೆ ಎಲ್ಲ ಅಂಟಿಸಿದ್ದಳು. ಉಳಿದದ್ದು ಕೊನೆಯ ಪುಟ. ಅದರ ಹೆಸರು ‘ನಾನು’, ತನ್ನ ಹಾಗೆ ಇರುವುದೊಂದನ್ನು ಅಲ್ಲಿ ಅಂಟಿಸಬೇಕು. ಅದನ್ನು ಇವತ್ತೇ ತೋರಿಸಬೇಕು.

ಕ್ಲಾಸಿನಲ್ಲಿ ಹೇಮಂತ್ ಶುಕ್ರವಾರವೇ ಮುಗಿಸಿಬಿಟ್ಟಿದ್ದ. ಅಳಿಲು ಕಡಿದ ಎಳನೀರಿನ ಚಿಪ್ಪನ್ನು ಅಂಟಿಸಿ, ‘ನನಗೂ ಯಾವಾಗಲೂ ಹಸಿವು’ ಎಂದು ಬರೆದಿದ್ದ. ನಂದಿತಾಳಿಗೆ ಮಾತ್ರ ತಾನು ಯಾವುದರ ಹಾಗೆ ಎಂದು ಎಷ್ಟು ಯೋಚಿಸಿದರೂ ಹೊಳೆದಿರಲಿಲ್ಲ. ನಿನ್ನೆ ಸಂಜೆ ದೇವರ ಮನೆಯಲ್ಲಿ ಬಿಲ್ವಪತ್ರೆ ಕಂಡಿತು. ಹನ್ನೊಂದನ್ನೂ ಸುತ್ತಲೂ ಜೋಡಿಸಿ ದೊಡ್ಡ ಹೂವು ಮಾಡಿದ್ದಳು.

“ಹೂವು ಚೆನ್ನಾಗೈತೆ,” ಅಂದರು ಅಜ್ಜಿ.

“ಚೆನ್ನಾಗಿರ್ಲಿ ಬಿಡಿ ಅತ್ತೆ! ಇವತ್ತು ಸೋಮವಾರ ಅಲ್ವಾ?”

ಆಗ ನಂದಿತಾಳಿಗೆ ನೆನಪಾಯಿತು. ಸೋಮವಾರ ಯಾರೂ ಬಿಲ್ವದ ಮರಕ್ಕೆ ಕೈ ಹಚ್ಚುವುದಿಲ್ಲ. ಅದಕ್ಕೇ ಅಪ್ಪ ಭಾನುವಾರವೇ ಮಠದ ಹಿಂದಿನ ಮರದಿಂದ ಪತ್ರೆ ತಂದಿಡುತ್ತಾನೆ. ಅಜ್ಜಿ ಲಿಂಗಪೂಜೆಯಾಗದೆ ಕಾಫಿಯನ್ನೂ ಮುಟ್ಟುವವರಲ್ಲ. ಶುಗರ್ ಮಾತ್ರೆ, ತಿಂಡಿ, ಎಲ್ಲ ಆಮೇಲೆ. ಹೋದ ತಿಂಗಳು ಪೂಜೆ ತಡವಾಗಿ, ತಲೆ ಸುತ್ತಿ ಹೊಸ್ತಿಲ ಮೇಲೇ ಕೂತುಬಿಟ್ಟಿದ್ದರು.

“ಇವತ್ತೊಂದಿನ ಬರೀ ಹೂವು ಏರಿಸಿ ಅತ್ತೆ. ನಿಮ್ಮ ಕೈ ಆಗ್ಲೇ ನಡುಗ್ತೈತೆ.”

“ಅವರಿದ್ದಾಗ ಒಂದು ಸೋಮವಾರನೂ ತಪ್ಪಿರ್ಲಿಲ್ಲ ಕಣವ್ವ,” ಎಂದು ಅಜ್ಜಿ ಮೆಲ್ಲಗೆ ಅಂದರು.

ಅವರು ಎಂದರೆ ಕೆಂಚಪ್ಪ ತಾತ. ತಾತ ಲಿಂಗೈಕ್ಯರಾಗಿ ಮೂರು ತಿಂಗಳಾಗಿತ್ತು.

ನಂದಿತಾ ಒಂದು ಪತ್ರೆಯ ಅಂಚಿಗೆ ಉಗುರು ಹಾಕಿ ಎಬ್ಬಿಸಿದಳು. “ಅಜ್ಜಿ, ಇದನ್ನ ಕಿತ್ತು ತೊಳೆದ್ರೆ?”

“ಗೋಂದು ಮೆತ್ತಿದ್ದನ್ನ ಲಿಂಗಕ್ಕೆ ಏರಿಸ್ತಾರೇನೇ?” ಅಜ್ಜಿ ಹಿಂಬಾಗಿಲ ಕಡೆ ಕೈ ತೋರಿಸಿದರು. “ಹಿತ್ತಲಿಗೆ ಹೋಗು. ತೆಂಗಿನ ಬುಡದಲ್ಲಿ ನೆನ್ನೆ ಪೂಜೆದು ಹಾಕಿದೀನಿ. ಪತ್ರೆ ಹಳೇದಾಗಲ್ಲ, ತೊಳೆದು ಮತ್ತೆ ಏರಿಸ್ಬೌದು. ಮೂರೆಲೆನೂ ಇರ್ಬೇಕು. ತೂತು ಇರಬಾರ್ದು.”

“ಎಷ್ಟು ಬೇಕಜ್ಜಿ?”

“ಒಂದು ಸಿಕ್ರೂ ಸಾಕು.”

ನಂದಿತಾ ಓಡಿದಳು. ಪೂಜೆ ಮಾಡಿದ ಹೂವು, ಪತ್ರೆ ಯಾರ ಕಾಲಿಗೂ ಸಿಗಬಾರದೆಂದು ಅಜ್ಜಿ ಅವನ್ನು ದಿನವೂ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಆದರೆ ಅಲ್ಲಿ ಪಕ್ಕದ ಮನೆಯ ಮೇಕೆ ನಿಂತಿತ್ತು. ಅದರ ಬಾಯಿಂದ ಒಂದು ತೊಟ್ಟು ಇಣುಕುತ್ತಿತ್ತು.

“ಥೂ, ಹೋಗೇ ಆಚೆ! ನಮ್ಮಜ್ಜಿ ಪೂಜೆ ತಿಂದ್ಬಿಟ್ಟೆಯಲ್ಲೇ!”

ಮೇಕೆ ಅಗಿಯುತ್ತಲೇ ಹೋಯಿತು. ಮೇಲಿನ ಪತ್ರೆಗಳಲ್ಲಿ ಒಂದೂ ಉಳಿದಿರಲಿಲ್ಲ. ನಂದಿತಾ ಮಂಡಿಯೂರಿ ಕೂತು ಚೆಂಡುಹೂವಿನ ಎಸಳುಗಳನ್ನು ಸರಿಸಿದಳು. ಅರ್ಧ ಕಚ್ಚಿದ್ದು ಒಂದು. ಎರಡೇ ಎಲೆಯದ್ದು ಇನ್ನೊಂದು. ಎಸಳುಗಳ ಅಡಿಯಲ್ಲಿ ಕೊನೆಗೂ ಒಂದು ಸಿಕ್ಕಿತು. ಹಸಿರಾಗಿತ್ತು, ಮೂರೆಲೆಯೂ ಇತ್ತು. ಆಕಾಶಕ್ಕೆ ಹಿಡಿದು ನೋಡಿದಳು. ತೂತಿಲ್ಲ!

ಏಳಬೇಕೆಂದುಕೊಂಡವಳು ಹಾಗೇ ಕೂತಳು. ಕೆಳಗೆ ಇನ್ನೂ ಪತ್ರೆಗಳಿದ್ದವು. ಹಸಿರಿನ ಕೆಳಗೆ ಹಳದಿ. ಹಳದಿಯ ಕೆಳಗೆ ಕಂದು. ಅದರ ಕೆಳಗಿನವು ಕಪ್ಪು. ಎಲ್ಲಕ್ಕಿಂತ ಅಡಿಯ ಪತ್ರೆಗಳಲ್ಲಿ ಎಲೆಯೇ ಇರಲಿಲ್ಲ, ಜೇಡರ ಬಲೆಯಂಥ ನರಗಳು ಮಾತ್ರ ಇದ್ದವು. ನಂದಿತಾ ಅಂಥದ್ದೊಂದನ್ನು ಉಸಿರು ಬಿಗಿಹಿಡಿದು ಎತ್ತಿದಳು. ಅದರ ತೊಟ್ಟು ಮಾತ್ರ ಗಟ್ಟಿಯಾಗಿತ್ತು. ತುದಿ ಬ್ಲೇಡಿನಿಂದ ಕತ್ತರಿಸಿದಷ್ಟು ನೇರ.

ಕೈಯಲ್ಲಿದ್ದ ನಿನ್ನೆಯ ಪತ್ರೆಯ ತೊಟ್ಟು ಹಾಗಿರಲಿಲ್ಲ. ಓರೆಯಾಗಿ ಹರಿದು ನಾರು ಜೋತಿತ್ತು. ಅವಳು ಹಳದಿಯವನ್ನು ನೋಡಿದಳು. ಅವೂ ಓರೆ. ಕಂದು ಬಣ್ಣದವೂ ಓರೆ. ಅಡಿಯವು ಮಾತ್ರ ಎಲ್ಲ ನೇರ, ಒಂದೇ ಅಳತೆ. ಯಾಕೆ ಹೀಗೆ?

ಪತ್ರೆಯ ತೊಟ್ಟಿನ ಬುಡದಲ್ಲಿ ಒಂದು ಸಣ್ಣ ಗಂಟಿರುತ್ತದೆ. ಅದನ್ನು ಮುರಿದೇ ಪೂಜೆಗೆ ಇಡಬೇಕು. ತಾತ ಜಗುಲಿಯ ಮೇಲೆ ಕೂತು ಒಂದೊಂದೇ ಪತ್ರೆಯನ್ನು ಬೆಳಕಿಗೆ ಹಿಡಿದು ನೋಡಿ, ಹೆಬ್ಬೆರಳ ಉಗುರಿನಿಂದ ಟಕ್ ಎಂದು ಮುರಿಯುತ್ತಿದ್ದರು. ಪಕ್ಕದಲ್ಲಿ ಕೂತ ನಂದಿತಾ ಟಕ್, ಟಕ್ ಎಣಿಸುತ್ತಿದ್ದಳು.

ಹಾಗಾದರೆ ಇವು ತಾತನವು. ಮೇಲಿನವು? ಅಪ್ಪ ಪತ್ರೆ ತಂದು ಇಟ್ಟು ಹೋಗುತ್ತಾನೆ. ಅಮ್ಮ ಬಟ್ಟೆಯಲ್ಲಿ ಸುತ್ತುತ್ತಾಳೆ. ಗಂಟು ಮುರಿಯುವವರು ಯಾರು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಜ್ಜಿಯ ಬೆರಳುಗಳು ಪೂರ್ತಿ ಮಡಿಚುವುದಿಲ್ಲ. ಮಾತ್ರೆಯ ಹಾಳೆಯನ್ನೂ ಅಮ್ಮನೇ ಬಿಡಿಸಿಕೊಡಬೇಕು.

“ನಂದೂ! ಸಿಕ್ತಾ?” ಅಮ್ಮನ ದನಿಯಲ್ಲಿ ಗಾಬರಿ ಇತ್ತು.

“ಸಿಕ್ತು! ಬಂದೆ!”

ಪತ್ರೆಯನ್ನು ಎರಡು ಸಲ ತೊಳೆದಳು. ಓರೆಯಾಗಿದ್ದ ತೊಟ್ಟಿಗೆ ಹೆಬ್ಬೆರಳ ಉಗುರು ಕೊಟ್ಟು ಒತ್ತಿದಳು. ಟಕ್. ಅಜ್ಜಿ ಒಮ್ಮೆ ಅವಳ ಕೈ ನೋಡಿದರು, ಒಮ್ಮೆ ಮುಖ ನೋಡಿದರು. ಎಡ ಅಂಗೈಯ ಲಿಂಗದ ಮೇಲೆ ಆ ಒಂದೇ ಪತ್ರೆಯನ್ನಿಟ್ಟು ಕಣ್ಣು ಮುಚ್ಚಿದರು.

ಪೂಜೆ ಮುಗಿದು ಅಜ್ಜಿ ಮಾತ್ರೆ ನುಂಗಿ, ರೊಟ್ಟಿ ತಿಂದು, ಕಾಫಿ ಲೋಟ ಹಿಡಿದ ಮೇಲೆಯೇ ನಂದಿತಾ ಹತ್ತಿರ ಹೋದಳು.

“ಅಜ್ಜಿ, ಬುಡದಲ್ಲಿರೋ ಹಳೇ ಪತ್ರೆ ಮೇಲೆ ಪೇಪರ್ ಇಟ್ಟು ಕ್ರೇಯಾನ್‌ನಲ್ಲಿ ಉಜ್ಜಿದ್ರೆ ತಪ್ಪಾ? ಪತ್ರೆ ತರಲ್ಲ. ಅಲ್ಲೇ ಬಿಟ್ಟು ಬತ್ತೀನಿ.”

“ಅದ್ರಾಗೆ ತಪ್ಪೇನೈತೆ? ಆದ್ರೆ ಆ ಕೊಳೆತಿದ್ದು ಯಾಕವ್ವ?”

“ತಾತ ಮುರಿದಿದ್ದು ಅದು.”

ಲೋಟ ಅಜ್ಜಿಯ ತುಟಿಯ ಹತ್ತಿರ ನಿಂತಿತು. “ನಿಂಗೆಂಗೆ ಗೊತ್ತು?”

“ತೊಟ್ಟು ನೋಡ್ದೆ.”

ಅಜ್ಜಿ ಲೋಟ ಕೆಳಗಿಟ್ಟು ಹಿತ್ತಲಿಗೆ ಬಂದರು. ನಂದಿತಾ ಆ ಬಲೆಯಂಥ ಪತ್ರೆಯನ್ನು ಅವರ ಅಂಗೈ ಮೇಲೆ ಇಟ್ಟಳು. ಅಜ್ಜಿ ಅದರ ತೊಟ್ಟಿನ ತುದಿಯನ್ನು ಹೆಬ್ಬೆರಳಿನಿಂದ ಸವರಿದರು.

“ನಂಗೆ ಹಿಂಗೆ ಮುರಿಯೋಕೆ ಬರಲ್ಲ ಮಗ. ಬೆರಳು ಕೇಳಲ್ಲ.”

“ಗೊತ್ತಜ್ಜಿ. ಅದನ್ನೂ ನೋಡ್ದೆ.”

ಶಾಲೆಯಲ್ಲಿ ಹೇಮಂತ್ ಕತ್ತು ಚಾಚಿ ಡೈರಿ ನೋಡಿದ. “ಏನೇ ಇದು? ಮೂರೇ ಮೂರು! ಅದ್ರಲ್ಲಿ ಎರಡು ಎಲೆನೇ ಅಲ್ಲ, ಬರೀ ಗೀಟು. ಟೈಮ್ ಸಾಕಾಗ್ಲಿಲ್ವಾ?”

“ನೀನು ಸುಮ್ನಿರೋ ಅಳಿಲೇ.”

ಶರ್ಮಿಳಾ ಮಿಸ್ ಪುಟವನ್ನು ಕಿಟಕಿಯ ಕಡೆ ತಿರುಗಿಸಿದರು. ಮೊದಲನೆಯದು ಬರೀ ನರಗಳ, ನೇರ ತೊಟ್ಟಿನ ಅಚ್ಚು. ಎರಡನೆಯದು ಓರೆ ತೊಟ್ಟಿನ ಅಚ್ಚು. ಮೂರನೆಯದು ಮಾತ್ರ ನಿಜವಾದ ಪತ್ರೆ. ನಿನ್ನೆ ಮಾಡಿದ್ದ ಹೂವಿನಿಂದ ಬಿಡಿಸಿ ತೆಗೆದದ್ದು, ಗೋಂದು ಹತ್ತಿ ಅಂಚು ಸ್ವಲ್ಪ ಹರಿದಿತ್ತು. ಕೆಳಗೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ.

“ಇದ್ರಲ್ಲಿ ನೀನೆಲ್ಲಿದ್ದೀಯ ನಂದಿತಾ?”

“ಮೂರನೇದ್ರಲ್ಲಿ, ಮಿಸ್.”

“ಈ ಎಲೆ ನೀನಾ?”

“ಎಲೆ ಅಲ್ಲ ಮಿಸ್. ತೊಟ್ಟಿನ ತುದಿ ನೋಡಿ.”

ಮಿಸ್ ಬಗ್ಗಿ, ನೇರವಾಗಿ ಮುರಿದಿದ್ದ ತೊಟ್ಟನ್ನು ನೋಡಿದರು. ಹೇಮಂತ್ ಕೂಡ ಬಗ್ಗಿದ.

“ಅಲ್ಲೇನೂ ಇಲ್ವಲ್ಲೇ,” ಅಂದ.

ನಂದಿತಾ ತನ್ನ ಹೆಬ್ಬೆರಳು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹಸಿರು ಗೆರೆಯೊಂದು ಇನ್ನೂ ಇತ್ತು.