ನೂರಿಪ್ಪತ್ತು ಡಿಗ್ರಿ

"ಅಯ್ಯೋ! ಇದೇನಿದು?"

ಶಿಲ್ಪಾ ಚಿಕ್ಕಮ್ಮ ಚಿಮಟವನ್ನು ಬೆಳಕಿಗೆ ಹಿಡಿದಳು. ಅದರ ತುದಿಯಲ್ಲಿ ಉಗುರಿನಷ್ಟು ಗಾಜಿನ ಚೂರು. ಬೆಳಿಗ್ಗೆ ಓವನ್ನಿನಲ್ಲಿಡುವಾಗ ಮಂಕಾಗಿದ್ದದ್ದು ಈಗ ಕನ್ನಡಿಯಂತೆ ಫಳಫಳ ಹೊಳೆಯುತ್ತಿತ್ತು!

ಪಕ್ಕದಲ್ಲಿದ್ದ ಭಾನುಪ್ರಿಯಾ ಓವನ್ನಿನ ಕಡೆ ನೋಡಿದಳು.

ಶನಿವಾರ ಸ್ಕೂಲ್ ಬಿಟ್ಟ ಮೇಲೆ ಅವಳು ಚಿಕ್ಕಮ್ಮನ ಕಾಲೇಜಿಗೆ ಬರುತ್ತಿದ್ದಳು. ಅಲ್ಲಿನ ಲ್ಯಾಬಿನಲ್ಲಿ ಚಿಕ್ಕಮ್ಮನದು ಕಂಪ್ಯೂಟರ್ ಮೆಮೊರಿಯ ಬಗ್ಗೆ ರಿಸರ್ಚ್. ಆ ಗಾಜಿಗೆ ಬೆಂಗಳೂರಿನಲ್ಲಿ ತೆಳುವಾದ ಲೇಪನ ಹಾಕಿಸಲು ಚಿಕ್ಕಮ್ಮ ಮೂರು ವಾರ ಕಾದಿದ್ದಳು.

"ನೂರಿಪ್ಪತ್ತು ಡಿಗ್ರೀಲಿ ಹಿಂಗಾಗ್ಬಾರ್ದು ಕಣೇ. ಒಳಗಿರೋ ಅಣುಗಳು ಅಡ್ಡಾದಿಡ್ಡಿ ಇರ್ಬೇಕಿತ್ತು, ಪ್ರೇಯರ್‌ಗೆ ಮುಂಚೆ ನೀವು ಗ್ರೌಂಡಲ್ಲಿ ಇರ್ತೀರಲ್ಲ, ಹಂಗೆ. ಬಿಸಿ ಜಾಸ್ತಿ ಆದ್ರೆ ಸಾಲಾಗಿ ನಿಂತು ಸ್ಫಟಿಕ ಆಗ್ಬಿಡ್ತವೆ. ಅಡ್ಡಾದಿಡ್ಡಿ ಇದ್ರೆ ಸೊನ್ನೆ, ಸಾಲಾಗಿದ್ರೆ ಒಂದು. ಮೆಮೊರಿ ಅಂದ್ರೆ ಇದೇನೇ."

ಅಟೆಂಡರ್ ಚಿಕ್ಕರಂಗಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. "ಓವನ್ನಿಗೆ ನಂಬರ್ ಇಟ್ಟೋನು ನಾನೇ ಅಲ್ವಾ ಮೇಡಂ. ಕಣ್ಣು ಸರ್ಯಾಗಿ ಕಾಣ್ದೆ ಏನಾರ ಎಡವಟ್ಟು ಮಾಡ್ಬುಟ್ನಾ?"

ಅವರು ಓವನ್ ಬಳಸುವ ವಿಧಾನದ ಪುಸ್ತಕ ಹಿಡಿದು ಮೆಲ್ಲನೆ ವರಾಂಡಕ್ಕೆ ಹೋದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಭಾನು ಓವನ್ನಿನ ಬಟನ್ ಒತ್ತಿದ್ದಳು. ಕೆಂಪು ನಂಬರ್ ಏರುವುದನ್ನು ನೋಡಲು ಮಜವಾಗಿತ್ತು. ಆಮೇಲೆ ಹೆದರಿಕೆಯಾಗಿ ಮತ್ತೆ ನೂರಿಪ್ಪತ್ತಕ್ಕೇ ಇಳಿಸಿದ್ದಳು. ಇಳಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದಳು.

"ಚಿಕ್ಕಮ್ಮ, ತಣ್ಣಗಾದ್ರೆ ಅದು ಮೊದ್ಲಿನ ತರ ಆಗಲ್ವಾ?"

"ಇಲ್ಲ ಕಣೇ. ಒಂದ್ಸಲ ಸಾಲಾಗಿ ನಿಂತ್ರೆ ಹಂಗೇ ಇರುತ್ತೆ. ಪೂರ್ತಿ ಕರಗಿಸಿ, ತಕ್ಷಣ ತಣ್ಣಗೆ ಮಾಡಿದ್ರೆ ಮಾತ್ರ ಹೋಗೋದು."

ಚಿಕ್ಕಮ್ಮ ನಿಟ್ಟುಸಿರು ಬಿಟ್ಟು ನೋಟ್‌ಬುಕ್ ತೆರೆದಳು. ಪೆನ್ನು ಹಿಡಿದು 'ನೂರಿಪ್ಪತ್ತು ಡಿಗ್ರಿ, ಸ್ಫಟಿಕ' ಎಂದು ಬರೆಯತೊಡಗಿದಳು.

ಭಾನು ಬೆಚ್ಚಿಬಿದ್ದಳು. ಅವಳ ಸುಳ್ಳು ಚಿಕ್ಕಮ್ಮನ ಕೈಬರಹದಲ್ಲಿ ಪುಸ್ತಕ ಸೇರುತ್ತಿತ್ತು!

"ಬರೀಬೇಡ! ಅದು... ನಾನೇ ಬಟನ್ ಒತ್ತಿದ್ದು. ಆಮೇಲೆ ಇಳಿಸ್ದೆ."

ಪೆನ್ನು ನಿಂತಿತು. ಚಿಕ್ಕಮ್ಮ ಅವಳನ್ನೇ ದಿಟ್ಟಿಸಿದಳು. ಬೈಯುತ್ತಾಳೆಂದು ಭಾನು ಕಣ್ಣು ಮುಚ್ಚಿಕೊಂಡಳು.

"ಎಷ್ಟಕ್ಕೆ ಏರಿತ್ತು?"

"ಇನ್ನೂರ ಹತ್ತು."

"ಎಷ್ಟು ಹೊತ್ತು?"

"ಹತ್ತು ನಿಮಿಷ ಇರ್ಬೋದು."

ಚಿಕ್ಕಮ್ಮ ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಹೊಸ ಅಂಕೆ ಬರೆದಳು. ಹೊಳೆಯುವ ಚೂರನ್ನು ಒಂದು ಡಬ್ಬಿಯಲ್ಲಿಟ್ಟು ಮುಚ್ಚಿದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಮತ್ತೆ ಮೂರು ವಾರ ಕಾಯ್ಬೇಕು," ಎಂದಳು ತನ್ನಷ್ಟಕ್ಕೆ.

ಭಾನು ಸದ್ದಿಲ್ಲದೆ ಎದ್ದಳು. ಯಾರೂ ಹೋಗು ಎನ್ನಲಿಲ್ಲ. ವರಾಂಡದ ಬೆಂಚಿನಲ್ಲಿ ಚಿಕ್ಕರಂಗಯ್ಯ ಕೂತಿದ್ದರು. ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದು, ಆಮೇಲೆ ದೂರ ಹಿಡಿದು, ಸಣ್ಣ ಅಕ್ಷರಗಳನ್ನು ಹುಡುಕುತ್ತಿದ್ದರು.

ಅವಳು ಅವರ ಮುಂದೆ ಹೋಗಿ ನಿಂತಳು.

"ರಂಗಯ್ಯ ಅಂಕಲ್," ಎಂದಳು. "ನಿಮ್ ಕಣ್ಣು ಸರಿಯಾಗೇ ಇದೆ."