ಹೊತ್ತು ಮುಳುಗುವ ಮುಂಚಿನ ಒಂದು ಮುಷ್ಟಿ

"ಇದು ಸಮುದ್ರದ ನೀರೇನ್ರಿ? ಅಕ್ಕಿ ತೊಳದ ನೀರ ಇದಕ್ಕಿಂತ ತಿಳಿ ಇರತೈತಿ!"

ಗೋಕಾಕ ಪೇಟೆಯಲ್ಲಿ ಬಣ್ಣದ ಮೀನು ಮಾರುವ ಆ ಸಣ್ಣ ಅಂಗಡಿಯ ಕಟ್ಟೆ ಮೇಲೆ ಬಾಟಲಿಯೊಂದು ಧಪ್ಪಂತ ಕುಂತಿತು. ಒಳಗೆ ಹಾಲಿಗೆ ನೀರು ಬೆರೆಸಿದಂಥ ಬಣ್ಣ. ಮೂಡಲಗಿಯಿಂದ ಬಂದಿದ್ದ ಗಿರಾಕಿಯೊಬ್ಬ ಕೊಳ್ಳಲೆಂದು ಹಿಡಿದಿದ್ದ ಪಂಪನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಜಾರಿಕೊಂಡ.

ಅಂಗಡಿಯ ಗೊಮ್ಮಟೇಶ ಅವನು ಹೋಗುವುದನ್ನು ನೋಡಿದ. ಬಾಟಲಿ ನೋಡಿದ. ಆಮೇಲೆ ಸಿಟ್ಟಿಗೆ ಮೂಗು ಕೆಂಪಾದ ಹುಡುಗಿಯನ್ನು ನೋಡಿ... ನಕ್ಕುಬಿಟ್ಟ!

"ಬರೇ ಬಾಟ್ಲಿ ನೋಡಿ ಭವಿಷ್ಯ ಹೇಳಾಕ ನಾ ಏನ ಪಂಚಾಂಗದವನ್ರಿ? ಮನಿಗೆ ಬಂದ ನೋಡ್ತೇನಿ."

'ಅಯ್ಯ... ಬೈಸಿಕೊಳ್ಳೋ ಮನುಷ್ಯ ಹಿಂಗ್ಯಾಕ ನಗತಾನ!' ತ್ರಿಶಲಾ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತಿನ ಗಂಟು ಅಲ್ಲೇ ಸಡಿಲಾಯಿತು.

ಅವಳ ಸಿಟ್ಟಿಗೂ ಕಾರಣವಿತ್ತು. ಅಜ್ಜಿ ರಾಜಮತಿಗೆ ಒಂದು ಸಲ ಸಮುದ್ರ ನೋಡುವ ಆಸೆ. ಹರೇದಾಗ ಮನೆಯ ಕೆಲಸ ಬಿಡಲಿಲ್ಲ, ಈಗ ಮಂಡಿನೋವು ಬಿಡಲೊಲ್ಲದು. 'ಅಜ್ಜಿ ಸಮುದ್ರಕ್ಕ ಹೋಗಾಕ ಆಗದಿದ್ರ, ಸಮುದ್ರಾನ ಅಜ್ಜಿ ಕಡೆ ತರೂಣು' ಅಂತ ತ್ರಿಶಲಾ, ಊರ ಹೆಣ್ಣುಮಕ್ಕಳ ಜಂಪರ ಹೊಲಿದು ಹೊಲಿದು ರೊಕ್ಕ ಕೂಡಿಸಿ, ಗೊಮ್ಮಟೇಶನ ಅಂಗಡಿಯಿಂದಲೇ ಉಪ್ಪುನೀರಿನ ತೊಟ್ಟಿ ತಂದಿಟ್ಟಿದ್ದಳು. ಅದರಲ್ಲಿ ಎರಡೇ ಮೀನು. ಕಿತ್ತಳೆ ಮೈಗೆ ಬಿಳಿ ಪಟ್ಟೆ, ಒಂದನ್ನೊಂದು ಬಿಟ್ಟಿರದ ಜೋಡಿ.

ಅಜ್ಜಿ ಇರುವೆ ಸಾಲು ಕಂಡರೂ ಸುತ್ತಿ ಹೋಗುವಾಕೆ. ಆ ಜೋಡಿಯಲ್ಲಿ ಒಂದು ಸತ್ತರೆ ಅನ್ನ ಬಿಟ್ಟು ಕೂಡುವುದು ಖರೆ.

ಗೊಮ್ಮಟೇಶ ಆ ದಿನವೇ ಬಂದ. ಉಪ್ಪಿನ ಅಳತೆ ನೋಡಿದ. ಸಣ್ಣ ನಳಿಗೆಯಲ್ಲಿ ನೀರು ತುಂಬಿ ಎರಡು ಹನಿ ಔಷಧ ಬಿಟ್ಟ. ಬಣ್ಣ ಹಸಿರಿಗೆ ತಿರುಗಿತು.

"ಉಪ್ಪು ಸರಿ ಐತಿ. ಆದ್ರ ನೀರಾಗ ಹೊಲಸ ಏರೈತಿ. ಮೀನ ತಿನ್ನದ ಬಿಟ್ಟ ಕಾಳು ಕೊಳತ್ರ ಹಿಂಗ ಹಾಲಾಗತೈತಿ. ದಿನಾ ಎಷ್ಟ ಹಾಕ್ತೀರಿ?"

"ಮುಂಜಾನೆ ಒಂದ ಚಿಟಿಕಿ. ನೀವ ಹೇಳಿದಷ್ಟ."

ಅವನು ನಂಬಿದ. ಒಂದಿಷ್ಟು ನೀರು ತೆಗೆದು, ಹದವಾಗಿ ಉಪ್ಪು ಕಲಸಿದ ಹೊಸ ನೀರು ಹಾಕಿದ. ನೀರು ಸೋಸುವ ಸ್ಪಂಜನ್ನು ನಲ್ಲಿಗೆ ಹಿಡಿಯದೆ, ತೆಗೆದ ತೊಟ್ಟಿ ನೀರಿನಲ್ಲೇ ಹಿಂಡಿದ.

"ನಲ್ಲಿ ನೀರಾಗ ತೊಳದ್ರ ಒಳಗಿನ ಒಳ್ಳೆ ಜೀವಾಣು ಸಾಯ್ತಾವರಿ. ಹೊಲಸು ತಿನ್ನೋವು ಅವ."

ಮಂಚದ ಮೇಲಿನ ಅಜ್ಜಿ ಕಣ್ಣರಳಿಸಿದಳು. "ಕಣ್ಣಿಗೆ ಕಾಣದ ಜೀವಕ್ಕೂ ಮರಗತಾನಲ್ಲ! ಯಾರ ಮಗನೋ ತಮ್ಮಾ ನೀ?"

"ಹುಕ್ಕೇರಿಯವರ್ರಿ. ಜೈನ ಬಸ್ತಿ ಬಾಜೂ ಮನಿ. ದಿನಾ ಬಸ್ಸಿಗೆ ಬಂದು ಹೋಗ್ತೇನಿ."

"ಮದಿವಿ?"

"ಅಜ್ಜೀ...!" ತ್ರಿಶಲಾ ಕಿರುಚಿದಳು.

ನೀರು ತಿಳಿಯಾಯಿತು, ಮತ್ತೆ ಬೆಳ್ಳಗಾಯಿತು. ಅವನು ಮತ್ತೆ ಬಂದ. ಮತ್ತೆ ತಿಳಿ, ಮತ್ತೆ ಬಿಳುಪು. ಈ ಸಲ ಮೇಲೊಂದು ಹಳದಿ ಛಾಯೆ ಬೇರೆ! ಇದ್ದಿಲಿನ ಪುಡಿ ತಂದು ಅರಿವೆಯಲ್ಲಿ ಕಟ್ಟಿ ಇಳಿಬಿಟ್ಟ. ಅವನು ಗಾಜಿನ ಆ ಕಡೆ ಬಗ್ಗಿದರೆ, ಇವಳು ಈ ಕಡೆ ಬಗ್ಗುವಳು. ನಡುವೆ ಮಬ್ಬು ನೀರು. ಮಬ್ಬಿನಲ್ಲೂ ಅವನ ಕಣ್ಣು ಮಾತ್ರ ಸ್ವಚ್ಛ ಕಾಣುತ್ತಿದ್ದವು.

'ದೇವರ, ನೀರು ಬೇಗ ತಿಳಿ ಆಗಲಿ... ಆದ್ರ ಭಾಳ ಬೇಗ ಬ್ಯಾಡ!' ಹೊಲಿಗೆ ಯಂತ್ರದ ಮುಂದೆ ಕುಂತು ತನ್ನಷ್ಟಕ್ಕೆ ನಗುತ್ತಿದ್ದಳು ತ್ರಿಶಲಾ. ಯಾರದೋ ತೋಳು ಯಾರದೋ ಜಂಪರಕ್ಕೆ ಹತ್ತಿತು.

ಆದರೆ ಒಂದು ಮುಂಜಾನೆ ಮೀನೆರಡೂ ನೀರಿನ ಮೇಲ್ತುದಿಗೆ ಬಂದು ಬಾಯಿ ಬಡಿಯುತ್ತಿದ್ದವು. ಓಡಿ ಬಂದ ಗೊಮ್ಮಟೇಶನ ಮುಖ ಬಿಗಿದಿತ್ತು.

"ಖರೆ ಹೇಳ್ರಿ. ಕಾಳು ಜಾಸ್ತಿ ಹಾಕಾಕತ್ತೀರಿ."

"ಅಂದ್ರ... ನಾ ಸುಳ್ಳ ಹೇಳಾಕತ್ತೇನಿ?"

"ಹಂಗಲ್ಲರಿ. ನೀರ ಸುಳ್ಳ ಹೇಳಂಗಿಲ್ಲ."

"ನೀರ ಸುಳ್ಳ ಹೇಳಂಗಿಲ್ಲ, ನಾ ಹೇಳ್ತೇನಿ! ಕೆಟ್ಟ ಉಪ್ಪು ಮಾರಿ ನಮ್ಮ ತಲಿಗೆ ಕಟ್ಟಾಕತ್ತೀರೇನ್ರಿ?"

ಆಡಿದ ಮಾತು ಅವಳಿಗೇ ಚುಚ್ಚಿತು. ಅವನು ತಾನು ತಂದಿದ್ದ ತಿಳಿ ಉಪ್ಪುನೀರಿನ ಚೀಲಕ್ಕೆ ಮೀನೆರಡನ್ನೂ ಮೆಲ್ಲಗೆ ಇಳಿಸಿಕೊಂಡ.

"ಇವು ಉಳೀಬೇಕು. ನಿಮ್ಮ ನೀರು ತಿಳಿ ಆದಾಗ ಬಂದ ಒಯ್ರಿ," ಅಂದ. ಹೊಸ್ತಿಲು ದಾಟಿದ.

ಆಮೇಲೆ ಅವನು ಬರಲಿಲ್ಲ. ಇವಳು ಹೋಗಲಿಲ್ಲ.

ಮೀನಿಲ್ಲದ ತೊಟ್ಟಿ ವಾರದೊಳಗೆ ತಿಳಿಯಾಯಿತು. ಅದೇ ಉಪ್ಪು, ಅದೇ ನೀರು! ತ್ರಿಶಲಾ ಗಾಜಿಗೆ ಮುಖ ಹಚ್ಚಿ ನೋಡಿದಳು. 'ಅವ್ನು ಹೇಳಿದ್ದ ಖರೆ... ಹಂಗಾದ್ರ ಕಾಳು ಹಾಕಿದವ್ರು ಯಾರು?'

ಆ ಸಂಜೆ, ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ, ಅಜ್ಜಿ ಊಟ ಮುಗಿಸಿ ಕೈ ತೊಳೆದು ಮಂಡಿ ಹಿಡಿದುಕೊಂಡು ತೊಟ್ಟಿಯ ಹತ್ತಿರ ಬಂದಳು. ಮುಷ್ಟಿ ತುಂಬ ಮೀನಿನ ಕಾಳು. ಖಾಲಿ ನೀರು ನೋಡುತ್ತ ನಿಂತಳು. ಕಣ್ಣು ತುಂಬಿದವು.

"ಕೈ ರೂಢಿ ಬಿಡವಲ್ದವ್ವಾ..."

"ಅಜ್ಜೀ! ದಿನಾ ಇಷ್ಟ ಹಾಕ್ತಿದ್ಯಾ?"

"ಮತ್ತ? ನಮ್ಮ ಮನ್ಯಾಗ ಹೊತ್ತ ಮುಳುಗಿದ ಮ್ಯಾಲ ಯಾರರ ಉಣ್ತಾರೇನ? ನಮ್ಮ ಮನ್ಯಾಗ ಇರೋವು, ಅವಕ್ಕೂ ಅದ ನೇಮ. ರಾತ್ರಿ ಹಸಿವಿ ಆಗಬಾರದಂತ ಮುಳುಗೂ ಮುಂಚೆ ಒಂದ ಮುಷ್ಟಿ. ನೀ ಮುಂಜಾನೆ ಹಾಕೋ ಆ ಚಿಟಿಕಿ ಯಾರ ಹೊಟ್ಟಿಗೆ ಸಾಕಾಗತೈತಿ?"

ತ್ರಿಶಲಾ ಹಣೆ ಬಡಿದುಕೊಂಡಳು. ನಗುವೋ ಅಳುವೋ, ಅವಳಿಗೇ ತಿಳಿಯಲಿಲ್ಲ.

"ಅಜ್ಜೀ, ನಾ ಆ ಹುಡುಗಗ ಕಳ್ಳ ಅಂದಂಗ ಅಂದೇನಿ..."

ಅಜ್ಜಿ ಮುಷ್ಟಿಯ ಕಾಳನ್ನು ಡಬ್ಬಿಗೆ ಸುರಿದಳು. "ತಪ್ಪು ನನ್ನ ಕೈದು, ಮಾತು ನಿನ್ನ ಬಾಯಿದು. ಇಬ್ಬರೂ ಹೋಗೂಣು. ನಾಳೆ ಅವ್ನ ಅಂಗಡಿ ಬಂದ್ ಇರತೈತಿ, ಮನ್ಯಾಗ ಇರ್ತಾನ."

"ನಿನ್ನ ಮಂಡಿ?"

"ಹುಕ್ಕೇರಿ ಏನ ಸಮುದ್ರದಷ್ಟ ದೂರೈತೇನ?"

ಬಸ್ತಿ ಬಾಜೂ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಿ ತೋಳು ಮಡಚಿದ ಗೊಮ್ಮಟೇಶ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಂದರ ಹತ್ತಿರ ಉಪ್ಪುನೀರಿನ ಬಕೆಟ್ ಹಿಡಿದು ನಿಂತಿದ್ದ. ಇವರನ್ನು ಕಂಡದ್ದೇ ತೊಟ್ಟಿಗೆ ಅಡ್ಡ ನಿಂತ.

"ನಾ ತಪ್ಪ ಮಾತಾಡಿದೆ. ನಮ್ಮ ನೀರ ತಿಳಿ ಆತು, ನೀವಂದದ್ದ ಖರೆ ಇತ್ತು," ಅಂದಳು ತ್ರಿಶಲಾ, ತಲೆ ತಗ್ಗಿಸಿ. "ಮೀನ... ಅದಾವಲ್ಲರಿ?"

ಅವನು ಪಕ್ಕಕ್ಕೆ ಸರಿದ. ಜೋಡಿ ಆರಾಮಿತ್ತು. ನೀರು ಮಾತ್ರ... ತೆಳ್ಳಗೆ ಹಾಲು!

"ಎಲ್ಲಾ ಬರೋಬ್ಬರಿ ಮಾಡೇನ್ರಿ," ಗೊಮ್ಮಟೇಶನ ಮುಖ ಇಂಗು ತಿಂದ ಮಂಗನಂತಾಗಿತ್ತು. "ಅಂಗಡ್ಯಾಗ ಒಂದ ದಿನಾ ಹಿಂಗಾಗಿಲ್ಲ. ಮನಿಗೆ ಮೀನ ತಂದಿದ್ದ ಇದ ಮೊದಲು. ನಿಮಗ ಬೈದು ಬಂದು ಈಗ ನಂದ ಮಾನ ಹೋತು."

ತ್ರಿಶಲಾ ಅವನನ್ನು ನೋಡಿದಳು. ಕಿಟಕಿಯಾಚೆ ಇಳಿಯುತ್ತಿದ್ದ ಸೂರ್ಯನನ್ನು ನೋಡಿದಳು. ತುಟಿ ಕಚ್ಚಿ ನಗು ತಡೆದಳು.

"ನಿಮ್ಮನ್ಯಾಗೂ ಹೊತ್ತ ಮುಳುಗೂದ್ರಾಗ ಉಣ್ತೀರಲ್ಲ?"

"ಹೌದು, ಯಾಕ್ರಿ?"

"ಶ್... ಬರ್ರಿ ಹಿಂಗ, ಬಾಗಲ ಮರಿಗೆ."

ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಅಡುಗೆಮನೆಯಿಂದ ಅವನ ಅವ್ವ ಬಂದಳು. ಆ ಕಡೆ ಈ ಕಡೆ ನೋಡಿದಳು. ಸೆರಗಿನ ಒಳಗಿಂದ ಮುಷ್ಟಿ ತೆಗೆದಳು.

"ತಿನ್ರಿ ಬಂಗಾರಾ, ಲಗು ಲಗು. ಹೊತ್ತ ಮುಳುಗತೈತಿ..."

"ಅವ್ವಾ!"

ಮುಷ್ಟಿಯ ಕಾಳು ನೆಲಕ್ಕೆ ಚೆಲ್ಲಿತು. ಬಾಗಿಲ ಹೊರಗೆ ಕಟ್ಟೆ ಮೇಲೆ ಕುಂತ ಅಜ್ಜಿ ಅಲ್ಲಿಂದಲೇ ಕೂಗಿದಳು. "ಅಕಿಗೆ ಬೈಬ್ಯಾಡ ತಮ್ಮಾ! ನಂದೂ ಅದ ಕೈ!"

ಅಜ್ಜಿ, ಅವ್ವ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಊಟದ ಹೊತ್ತಾಯಿತೆಂದು ಕೈ ಹಿಡಿದುಕೊಂಡು ಒಳಗೆ ಹೋದರು, ಎಷ್ಟೋ ವರ್ಷದ ಬೀಗರಂತೆ.

ತೊಟ್ಟಿಯ ಹತ್ತಿರ ಇಬ್ಬರೇ ಉಳಿದರು.

"ಒಂದ ಮಾತ ಕೇಳ್ಲಿ?" ತ್ರಿಶಲಾಳ ದನಿ ಸಣ್ಣದಾಯಿತು. "ಅಂಗಡ್ಯಾಗಿನ ಅಷ್ಟ ದೊಡ್ಡ ತೊಟ್ಟಿ ಬಿಟ್ಟು ಇವನ್ನ ಮನಿಗ್ಯಾಕ ತಂದ್ರಿ?"

"ಅಂಗಡ್ಯಾಗ ಇಟ್ಟಿದ್ರ ಯಾರರ ಕೇಳ್ತಿದ್ರು." ಅವನು ಗಾಜಿನ ಮೇಲೆ ಬೆರಳಾಡಿಸಿದ. "ಇವನ್ನ ಬ್ಯಾರೇದವರಿಗೆ ಕೊಡೂ ಮನಸ ಇರಲಿಲ್ಲ... ಇವು ಇಲ್ಲಿದ್ರ ನೀವೂ ಒಂದ ದಿನಾ ಬರ್ತೀರಂತ."

ಅವಳ ಕಣ್ಣು ತುಂಬಿ ಬಂದವು.

"ಈಗ ನೀರ ಕೆಡೂ ಕಾರಣ ಸಿಕ್ತಲ್ಲ. ನಿಮ್ಮ ನೀರೂ ತಿಳಿ ಆಗೈತಿ," ಗೊಮ್ಮಟೇಶ ಒಲ್ಲದ ಮನಸ್ಸಿನಿಂದ ಕೇಳಿದ. "ಇವತ್ತ ಒಯ್ತೀರೇನು?"

"ಒಯ್ಯಂಗಿಲ್ಲ."

"ಯಾಕ್ರಿ?"

"ಪಾಪ, ಅವನ್ನ ಎಷ್ಟ ಸಲ ಮನಿ ಬದ್ಲಸೋದು?" ತ್ರಿಶಲಾ ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಅದರಕಿಂತ... ನಾನ ಒಂದ ಸಲ ಬದ್ಲಸ್ತೇನಿ."

ಬಕೆಟ್ಟು ಅವನ ಕೈಯಿಂದ ಜಾರಿತು. ಪಡಸಾಲೆ ತುಂಬ ಉಪ್ಪುನೀರು!

"ಏನಾತೋ?" ಒಳಗಿಂದ ಅಜ್ಜಿ ಕೇಳಿದಳು.

"ಸಮುದ್ರ ಬಂತಜ್ಜೀ!" ಅಂದ ಗೊಮ್ಮಟೇಶ, ಇವಳಿಂದ ಕಣ್ಣು ತೆಗೆಯದೆ. ಆಮೇಲೆ ಮೆಲ್ಲಗೆ, "ನಾಳೆಯಿಂದ ಕಾಳು ಯಾರ ಹಾಕೋದ್ರಿ?"

"ಮುಂಜಾನೆ ನೀವು ಒಂದ ಚಿಟಿಕಿ."

"ಮತ್ತ ಸಂಜಿಗೆ?"

"ಸಂಜಿಗೆ ನಾ," ನಕ್ಕಳು ತ್ರಿಶಲಾ. "ಅಜ್ಜಿ, ಅತ್ತಿ ಇಬ್ಬರ ಕೈ ಹಿಡಕೊಂಡ ಕುಂಡರ್ತೇನಿ!"